ಎಳ್ಳು-ಬೆಲ್ಲದ ಜೊತೆಗೊಂದು ಮನೆಯ ಫೋಟೊ: ಸಂಕ್ರಾಂತಿ ಕಾರ್ಡು ಮಾಡುವ ಬಗೆ

ಅಣ್ಣತಮ್ಮಂದಿರು ಬೇರೆಯಾದಾಗ ಪಾತ್ರೆ-ಪಗಡ, ಮಂಚ, ಬೀರು ಎಲ್ಲವೂ ಪಾಲಾಗುತ್ತವೆ. ನಡುಮನೆಯ ಗೋಡೆ ಮೇಲಿದ್ದ ಗ್ರೂಪ್ ಫೋಟೊ ಮಾತ್ರ ಪಾಲಾಗುವುದಿಲ್ಲ; ಯಾರದೋ ಒಬ್ಬರ ಮನೆ ಸೇರುತ್ತದೆ. ಉಳಿದ ಮನೆಗಳ ಮಕ್ಕಳು ಅಜ್ಜ-ಅಜ್ಜಿಯ ಮುಖವನ್ನೇ ನೋಡದೆ ಬೆಳೆಯುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರಲು ಹೇಗೂ ಮೂವತ್ತು ನಲವತ್ತು ಮನೆಯ ಬಾಗಿಲು ತಟ್ಟುತ್ತೇವೆ. ಆ ಪೊಟ್ಟಣದ ಜೊತೆಗೆ ಆ ಫೋಟೊದ ಒಂದು ಪ್ರತಿ ಹೋದರೆ, ಒಂದೇ ಮನೆಯಲ್ಲಿದ್ದದ್ದು ಒಂದೇ ದಿನ ನಲವತ್ತು ಮನೆಗೆ ಮುಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಶುಭಾಶಯ ಪತ್ರಕ್ಕೂ ಈ ಬೆಲೆಯಿಲ್ಲ.

ಎರಡು ಬಗೆಯ ಕಾರ್ಡು ಮಾಡೋಣ. ಎಳ್ಳಿನ ಪೊಟ್ಟಣಕ್ಕೆ ಕಟ್ಟುವ 4×3 ಇಂಚಿನ ಚೀಟಿ ಒಂದು, ದೂರದವರಿಗೆ ಅಂಚೆಯಲ್ಲಿ ಕಳಿಸುವ 5×7 ಇಂಚಿನ ಮಡಿಕೆ ಕಾರ್ಡು ಇನ್ನೊಂದು. ಎರಡಕ್ಕೂ ಕಲರ್ ಲ್ಯಾಬಿನ ಮಾಮೂಲಿ 4×6 ಪ್ರಿಂಟೇ ಸಾಕು. ಯುಗಾದಿಗೆ, ದಸರೆಯ ಬನ್ನಿಗೆ, ದೀಪಾವಳಿಗೆ ಮಾಡುವುದಾದರೂ ಅಳತೆ ಇದೇ; ಮೇಲಿನ ಮಾತು ಮಾತ್ರ ಬದಲಾಗುತ್ತದೆ.

ಹಬ್ಬ ಬರುವುದು ಜನವರಿ 14 ಅಥವಾ 15ಕ್ಕೆ. ಫೋಟೊ ಹುಡುಕುವ ಕೆಲಸ ಡಿಸೆಂಬರ್ ಮೊದಲ ವಾರದಲ್ಲೇ ಶುರುವಾಗಲಿ. ಹೊರದೇಶಕ್ಕೆ ಹೋಗುವ ಕಾರ್ಡುಗಳು ಡಿಸೆಂಬರ್ ನಡುವಿಗೆ, ದೇಶದೊಳಗಿನವು ಜನವರಿ 3-4ರೊಳಗೆ ಅಂಚೆಗೆ ಬೀಳಬೇಕು.

ಯಾವ ಫೋಟೊ ಆರಿಸುವುದು

ಒಂದೇ ಒಂದು. ಎಂಟು ಫೋಟೊಗಳನ್ನು ಸೇರಿಸಿ ಕೊಲಾಜ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. 4×6ರಲ್ಲಿ ಎಂಟು ಫೋಟೊ ತುಂಬಿದರೆ ಒಂದೊಂದು ಮುಖವೂ ಹೆಸರುಕಾಳಿನಷ್ಟಾಗುತ್ತದೆ, ಕನ್ನಡಕ ಹಾಕಿಕೊಂಡರೂ ಯಾರೆಂದು ತಿಳಿಯುವುದಿಲ್ಲ. ಪ್ರಿಂಟಿನಲ್ಲಿ ಮುಖ ಕಡೇಪಕ್ಷ 8 ಮಿಲಿಮೀಟರ್ ಎತ್ತರ ಬರುವಂತಿರಲಿ. ಇಪ್ಪತ್ತು ಜನರಿರುವ ಮದುವೆ ಗ್ರೂಪ್ ಫೋಟೊ ಈ ಅಳತೆಗೆ ಸಿಗುವುದಿಲ್ಲ; ಅದರಲ್ಲಿ ನಡುವೆ ಕುಳಿತ ಹಿರಿಯರ ಭಾಗವನ್ನಷ್ಟೇ ತೆಗೆದುಕೊಳ್ಳಿ, ಇಲ್ಲವೇ ಬೇರೆ ಫೋಟೊ ನೋಡಿ.

ತೀರಿಕೊಂಡವರ ಫೋಟೊ ಹಬ್ಬದ ಕಾರ್ಡಿನಲ್ಲಿ ಹಾಕಬಾರದು ಎನ್ನುವವರಿದ್ದಾರೆ. ಹಾರ ಹಾಕಿ ಕುಂಕುಮವಿಟ್ಟ, ಚೌಕಟ್ಟಿನ ಫೋಟೊ ಖಂಡಿತ ಬೇಡ. ಅದೇ ಅಜ್ಜಿ ಕಬ್ಬು ಸಿಗಿಯುತ್ತಲೋ ಮೊಮ್ಮಗುವಿಗೆ ಎಲಚಿ ಹಣ್ಣು ಎರೆಯುತ್ತಲೋ ಇರುವ ಫೋಟೊ ಆದರೆ ಯಾರ ಮನಸ್ಸಿಗೂ ಮುಜುಗರವಾಗದು. ಆ ವರ್ಷ ಸಾವಾಗಿ ಹಬ್ಬ ಮಾಡದ ಮನೆಗಳಿಗೆ ಶುಭಾಶಯದ ಕಾರ್ಡು ಕಳಿಸಬೇಡಿ. ವರ್ಷಾಂತಿಕ ಕಳೆದ ಮೇಲೆ ಬರೀ ಫೋಟೊ ಕೊಟ್ಟರೆ ಆಯಿತು.

ಹೊಸದಾಗಿ ತೆಗೆಯುವುದಾದರೆ ಜಗಲಿಯ ನೆರಳು ಒಳ್ಳೆಯ ಜಾಗ. ಬೆಳಗ್ಗೆ 8-9 ಅಥವಾ ಸಂಜೆ 4-5ರ ಹೊತ್ತು, ಫ್ಲ್ಯಾಶ್ ಬಂದ್. ಫ್ಲ್ಯಾಶ್ ಹಾಕಿದರೆ ರೇಷ್ಮೆ ಸೀರೆಯ ಜರಿ ಬೆಳ್ಳಗೆ ಹೊಳೆದು ಮುಖಗಳು ಮಂಕಾಗುತ್ತವೆ. ಮೊಬೈಲನ್ನು ಎದೆಯೆತ್ತರಕ್ಕೆ ಸ್ಟೂಲಿನ ಮೇಲೆ ನಿಲ್ಲಿಸಿ, ಮೂರು ಮೀಟರ್ ದೂರ ಬಿಟ್ಟು, ಟೈಮರ್ ಹಾಕಿ ಹತ್ತು ಹದಿನೈದು ಸಲ ತೆಗೆಯಿರಿ. ಆರು ಜನರಿದ್ದರೆ ಯಾರಾದರೊಬ್ಬರು ಕಣ್ಣು ಮುಚ್ಚಿರುತ್ತಾರೆ. ಎರಡೇ ಸಲ ತೆಗೆದು ಸುಮ್ಮನಾದರೆ ಆಮೇಲೆ ಪಶ್ಚಾತ್ತಾಪ. ಮಕ್ಕಳು ಶಾಲೆಯ ಸಮವಸ್ತ್ರದಲ್ಲಿ ಇರುವುದು ಬೇಡ, ಕಾರ್ಡು ಕೈಯಿಂದ ಕೈಗೆ ಹೋಗುವಂಥದ್ದು, ಮಗು ಯಾವ ಶಾಲೆಯದೆಂದು ಕಂಡವರಿಗೆಲ್ಲ ತಿಳಿಯುತ್ತದೆ.

ಹಳೆಯ ಫೋಟೊದ ಪ್ರತಿ ತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಲ್ಯಾಬೂ ಸರಿಮಾಡಿ ಕೊಡಲಾರದು.

ಮೊದಲು ಫೋಟೊವನ್ನು ಆಲ್ಬಮ್ಮಿನಿಂದ ಬಿಡಿಸಬೇಕು. ಕಪ್ಪು ಹಾಳೆಗೆ ಮೂಲೆಗಳಲ್ಲಿ ಸಿಕ್ಕಿಸಿದ ಹಳೆಯ ಆಲ್ಬಮ್ಮುಗಳಲ್ಲಿ ತೊಂದರೆಯಿಲ್ಲ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ಮುಗಳಲ್ಲಿ ಅಂಟು ವರ್ಷಗಳು ಕಳೆದಂತೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೊ ಬಾಗಿ ಮೇಲ್ಪದರ ಬಿರಿಯುತ್ತದೆ, ಆ ಗೆರೆ ಯಾರದಾದರೂ ಮುಖದ ಮೇಲೇ ಹಾಯುತ್ತದೆ. ಹಲ್ಲುಸಂದಿಗೆ ಬಳಸುವ ದಾರವನ್ನೋ ತೆಳುವಾದ ನೈಲಾನ್ ದಾರವನ್ನೋ ಎರಡೂ ಕೈಯಲ್ಲಿ ಬಿಗಿಹಿಡಿದು, ಫೋಟೊದ ಅಡಿಗೆ ತೂರಿಸಿ, ಗರಗಸದಂತೆ ನಿಧಾನಕ್ಕೆ ಆಡಿಸುತ್ತ ಬನ್ನಿ. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಚೌಕಟ್ಟಿನ ಗಾಜಿಗೇ ಅಂಟಿಕೊಂಡ ಫೋಟೊವನ್ನು ಎಂದೂ ಕೀಳಬೇಡಿ. ತೇವ ಬಡಿದು ಮೇಲಿನ ಜಿಲೆಟಿನ್ ಪದರ ಕರಗಿ ಗಾಜಿಗೆ ಹಿಡಿದಿರುತ್ತದೆ, ಕಿತ್ತರೆ ಚಿತ್ರ ಗಾಜಿನಲ್ಲೇ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಯಬೇಕು.

ಧೂಳನ್ನು ಒಣಗಿದ ಮೃದು ಬ್ರಶ್‌ನಿಂದ ತಟ್ಟಿ ತೆಗೆಯಿರಿ. ಒದ್ದೆ ಬಟ್ಟೆ, ಸ್ಪಿರಿಟ್, ಬಾಯಿಂದ ಊದುವುದು ಯಾವುದೂ ಬೇಡ. ಹಿಡಿದುಕೊಳ್ಳುವಾಗ ಅಂಚುಗಳನ್ನಷ್ಟೇ ಮುಟ್ಟಿ.

ಸ್ಕ್ಯಾನರ್ ಇದ್ದರೆ ಲೆಕ್ಕ ಸುಲಭ. ಕೊನೆಯ ಪ್ರಿಂಟಿನಲ್ಲಿ ಇಂಚಿಗೆ 300 ಚುಕ್ಕಿ (ಸ್ಕ್ಯಾನರಿನಲ್ಲಿ ಡಿಪಿಐ ಎಂದಿರುತ್ತದೆ) ಬೇಕು. ಮೂಲ ಫೋಟೊ ಎಷ್ಟು ಪಟ್ಟು ದೊಡ್ಡದಾಗಬೇಕೋ ಅಷ್ಟರಿಂದ 300ನ್ನು ಗುಣಿಸಿ. ಅಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾದ ಚೌಕ ಫೋಟೊ ಸುಮಾರು ಎರಡೂಕಾಲು ಇಂಚಿನದು. ಅದು 4 ಇಂಚಾಗಬೇಕೆಂದರೆ 533 ಬೇಕು, 600ಕ್ಕೆ ಇಟ್ಟರೆ ಸಾಕು. ಪಾಸ್‌ಪೋರ್ಟ್ ಅಳತೆಯ 35×45 ಮಿಲಿಮೀಟರಿನ ಫೋಟೊ ಒಂದೇ ಉಳಿದಿದ್ದರೆ 1200ಕ್ಕೆ ಇಡಿ. ಕಪ್ಪು-ಬಿಳುಪಿನದಾದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಆಗಲಿ: ಹಳದಿ ಕಲೆ, ಶಾಯಿಯ ಗುರುತು ಬಣ್ಣದಲ್ಲಿ ಬೇರೆಯಾಗಿ ಕಾಣುವುದರಿಂದ ಆಮೇಲೆ ತೆಗೆಯುವುದು ಸುಲಭ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸಾಕು. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಮೇಜಿನ ಮೇಲೆ ಫೋಟೊ ಮಲಗಿಸಿ. ಮೊಬೈಲ್ ಅದಕ್ಕೆ ಸಮಾನಾಂತರವಾಗಿರಲಿ; ಓರೆಯಾದರೆ ಚೌಕ ಹೋಗಿ ಮೊರದಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುತ್ತದೆ. ತೀರಾ ಹತ್ತಿರ ಹೋಗದೆ, ಸ್ವಲ್ಪ ಮೇಲೆತ್ತಿ 2 ಪಟ್ಟು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಅಂಚಿನಲ್ಲಿ ನಿಂತವರು ಹಿಗ್ಗಿ ಕಾಣುತ್ತಾರೆ. ಗಾಜಿನೊಳಗಿನ ಫೋಟೊ ಆದರೆ ಮೊಬೈಲು, ಕೈ, ಸೂರು ಎಲ್ಲ ಪ್ರತಿಫಲಿಸುತ್ತವೆ. ಒಂದು ಕಪ್ಪು ಬಟ್ಟೆಗೆ ಕ್ಯಾಮೆರಾದ ಕಣ್ಣಿನಷ್ಟು ತೂತು ಮಾಡಿ, ಆ ತೂತಿನಿಂದ ತೆಗೆದರೆ ಪ್ರತಿಫಲನ ಬಹುಮಟ್ಟಿಗೆ ಹೋಗುತ್ತದೆ. ಮೇಲ್ಮೈ ತರಿತರಿಯಾಗಿರುವ ಸಿಲ್ಕ್ ಪೇಪರಿನ ಫೋಟೊಗಳು ಸ್ಕ್ಯಾನರಿನಲ್ಲಿ ಚುಕ್ಕಿಚುಕ್ಕಿ ಮಿನುಗುತ್ತವೆ. ಅವಕ್ಕೂ ಕಿಟಕಿ ಬೆಳಕಿನ ಮೊಬೈಲ್ ಪ್ರತಿಯೇ ಲೇಸು.

ಬಣ್ಣ ತಿದ್ದುವಾಗ ಕೈ ಹಗುರವಾಗಿರಲಿ

ಎಪ್ಪತ್ತು-ಎಂಬತ್ತರ ದಶಕದ ಕಲರ್ ಫೋಟೊಗಳು ಕೆಂಪಡರಿರುತ್ತವೆ. ಪೆಟ್ಟಿಗೆಯ ಕತ್ತಲಲ್ಲೇ ಇದ್ದರೂ ಆ ಕಾಲದ ಪೇಪರಿನಲ್ಲಿ ನೀಲಿ-ಹಸಿರಿನ ಸಯಾನ್ ಬಣ್ಣ ಮೊದಲು ಮಾಸುತ್ತದೆ, ಕೆಂಪು ಮೇಲೆದ್ದು ಕಾಣುತ್ತದೆ. ಫೋಟೊ ತಿದ್ದುವ ಗಿಂಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರ ‘ಲೆವೆಲ್ಸ್’ ಎಂಬ ಆಯ್ಕೆಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ತೆರೆದು, ಎರಡು ತುದಿಯ ಗುಂಡಿಗಳನ್ನು ರೇಖಾಚಿತ್ರದ ಗುಡ್ಡ ಶುರುವಾಗುವ ಮತ್ತು ಮುಗಿಯುವ ಜಾಗಕ್ಕೆ ಎಳೆಯಿರಿ. ಎಷ್ಟೋ ಬಣ್ಣ ಅಷ್ಟರಲ್ಲೇ ಮರಳುತ್ತದೆ. ಬಿಳಿ ಪಂಚೆ ಬಿಳಿಯಾಗಿ ಕಂಡರೆ ನಿಲ್ಲಿಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಸುಕು ಮುಖವನ್ನು ಒಂದೇ ಗುಂಡಿಗೆ ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಅಜ್ಜಿಯ ಮೂಗುತಿ ಮಾಯವಾಗುತ್ತದೆ, ಕಿವಿಯ ಬುಗುಡಿ ಕೂದಲಿನಲ್ಲಿ ಬೆರೆತುಹೋಗುತ್ತದೆ, ಕಣ್ಣುಗಳು ಯಾರದೋ ಆಗುತ್ತವೆ. ನೋಡದ ಮಕ್ಕಳಿಗೆ ಮುಂದೆ ಅದೇ ಅಜ್ಜಿಯ ಮುಖವಾಗಿ ಉಳಿದುಬಿಡುತ್ತದೆ. ಮಸುಕಿದ್ದರೆ ಮಸುಕೇ ಇರಲಿ. ಗೀರು, ಕಲೆ ತೆಗೆಯಿರಿ, ಮುಖ ಮುಟ್ಟಬೇಡಿ.

ಪ್ರಿಂಟ್ ಯಾವಾಗಲೂ ಮೊಬೈಲ್ ಪರದೆಗಿಂತ ಕಪ್ಪಾಗಿ ಬರುತ್ತದೆ, ಏಕೆಂದರೆ ಪರದೆಗೆ ಒಳಗಿನಿಂದ ಬೆಳಕಿದೆ, ಕಾಗದಕ್ಕಿಲ್ಲ. ನಮ್ಮವರ ಎಣ್ಣೆಗೆಂಪು, ಕಪ್ಪು ಮೈಬಣ್ಣ ಇದರಲ್ಲಿ ಬೇಗ ಮಣ್ಣುಮಣ್ಣಾಗುತ್ತದೆ. ನಡುಛಾಯೆಯನ್ನು (ತೀರಾ ಕಪ್ಪೂ ತೀರಾ ಬಿಳಿಯೂ ಅಲ್ಲದ ಭಾಗ) ಸ್ವಲ್ಪ ಏರಿಸಿದ್ದೊಂದು, ಏರಿಸದ್ದೊಂದು, ಹೀಗೆ ಎರಡು ಪ್ರತಿ ಮೊದಲು ತೆಗೆಸಿ ಹಗಲು ಬೆಳಕಲ್ಲಿ ಹೋಲಿಸಿ ನೋಡಿ. ನಲವತ್ತು ಪ್ರಿಂಟ್ ಒಟ್ಟಿಗೆ ಹೇಳಿ ಆಮೇಲೆ ಪೇಚಾಡುವುದಕ್ಕಿಂತ ಎರಡು ಪ್ರಿಂಟಿನ ಖರ್ಚು ಮೇಲು.

4×6ರ ಲೆಕ್ಕ

ಮೊಬೈಲ್ ತೆಗೆಯುವ ಫೋಟೊ 4:3 ಅನುಪಾತದ್ದು. ಲ್ಯಾಬಿನ 4×6 ಪ್ರಿಂಟು 3:2. ಆರು ಇಂಚು ಅಗಲ ತುಂಬಿದರೆ ಎತ್ತರ ನಾಲ್ಕೂವರೆ ಇಂಚಾಗಬೇಕು, ಆದರೆ ಕಾಗದ ಇರುವುದು ನಾಲ್ಕೇ. ಲ್ಯಾಬಿನ ಯಂತ್ರ ಮೇಲಿಂದ ಕಾಲಿಂಚು, ಕೆಳಗಿಂದ ಕಾಲಿಂಚು ಕತ್ತರಿಸಿಬಿಡುತ್ತದೆ. ಹಿಂದಿನ ಸಾಲಿನವರ ತಲೆ ಹೋಗುವುದು ಹೀಗೆ. ನೀವೇ 1800×1200 ಪಿಕ್ಸೆಲ್‌ಗೆ ಕತ್ತರಿಸಿ ಕೊಡಿ. ಅಂಚಿನಲ್ಲಿ ಮತ್ತೆ ಎರಡು ಮೂರು ಮಿಲಿಮೀಟರ್ ಹೋಗಬಹುದು, ಹಾಗಾಗಿ ಅಕ್ಷರ ಮತ್ತು ಮುಖ ಎರಡನ್ನೂ ಅಂಚಿನಿಂದ 5 ಮಿಲಿಮೀಟರ್ ಒಳಗಿಡಿ.

ಚೌಕ ಫೋಟೊ ಇದ್ದರೆ ಅದೃಷ್ಟ. 4×6ನ್ನು ನಿಲ್ಲಿಸಿ, ಮೇಲೆ 4×4ರಲ್ಲಿ ಫೋಟೊ ಇಟ್ಟರೆ ಕೆಳಗೆ ಎರಡು ಇಂಚು ಖಾಲಿ ಉಳಿಯುತ್ತದೆ. ಶುಭಾಶಯದ ಮಾತಿಗೆ ಅಳೆದು ಮಾಡಿದ ಜಾಗ.

ಎಳ್ಳಿನ ಚೀಟಿಗೆ ಇನ್ನೂ ಸುಲಭ. 4×6ನ್ನು ನಡುವೆ ಕತ್ತರಿಸಿದರೆ 4×3ರ ಎರಡು ತುಂಡು, ಮೊಬೈಲ್ ಫೋಟೊದ ಅನುಪಾತಕ್ಕೆ ಸರಿಯಾಗಿ. ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಎರಡು ಸಲ ಇಟ್ಟು, ನಡುವೆ ತೆಳುವಾದ ಗೆರೆ ಹಾಕಿ. ನಲವತ್ತು ಚೀಟಿಗೆ ಇಪ್ಪತ್ತೇ ಪ್ರಿಂಟು ಸಾಕು.

ಫೈಲನ್ನು ಪೆನ್ ಡ್ರೈವ್‌ನಲ್ಲಿ ಅಥವಾ ಇಮೇಲಿನಲ್ಲಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ, ಉದ್ದದ ಬದಿ ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಮುಖದ ಮೇಲೆ ಚೌಕಚೌಕ ಕಲೆ ಬೀಳುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಡಾಕ್ಯುಮೆಂಟ್ ಎಂದು ಲಗತ್ತಿಸಿ. ಊರಿಂದ ಚಿಕ್ಕಮ್ಮನೋ ಮಾವನೋ ಹಳೆಯ ಫೋಟೊ ಕಳಿಸುವಾಗಲೂ ಹಾಗೆಯೇ ಕಳಿಸಲು ಹೇಳಿ.

ಕನ್ನಡ ಅಕ್ಷರ ಒಡೆಯದಂತೆ

ಫೋಟೊ ಚೆನ್ನಾಗಿ ಬಂದು ಮೇಲಿನ ಕನ್ನಡ ಒಡೆದುಹೋದ ಕಾರ್ಡುಗಳು ಲೆಕ್ಕವಿಲ್ಲದಷ್ಟು. ‘ಸಂಕ್ರಾಂತಿ’ ಹೋಗಿ ‘ಸಂಕ್‌ರಾಂತಿ’ ಆಗುತ್ತದೆ, ‘ಹಾರ್ದಿಕ’ದ ಅರ್ಕಾವೊತ್ತು ಬಿಟ್ಟು ‘ಹಾರ್‌ದಿಕ’ ಎಂದು ಬೀಳುತ್ತದೆ. ಯುನಿಕೋಡ್ ಕನ್ನಡವನ್ನು (ಈಗ ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡ) ಜೋಡಿಸಲು ಬಾರದ ಹಳೆಯ ತಂತ್ರಾಂಶ, ಅಥವಾ ಫೋಟೊಶಾಪ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದಿರುವುದು ಇದಕ್ಕೆ ಕಾರಣ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಗಡಿಯವರಿಗೆ ಟೈಪ್ ಮಾಡುವ ಕೆಲಸವನ್ನೇ ಬಿಡಬೇಡಿ. ಮಾತನ್ನು ಮನೆಯಲ್ಲೇ ಫೋಟೊದೊಳಗೆ ಕೂರಿಸಿ, ಇಡೀ ಕಾರ್ಡನ್ನು ಜೆಪಿಜಿ ಮಾಡಿ ಕೊಟ್ಟರೆ ಒಡೆಯಲು ಅಕ್ಷರವೇ ಉಳಿಯುವುದಿಲ್ಲ, ಎಲ್ಲವೂ ಚಿತ್ರ.

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಓದಲು ಹಿತ. ‘ಬಲೂ ತಮ್ಮ 2’ ಎಂಬ ಫಾಂಟ್ ದೊಡ್ಡ ಅಕ್ಷರದ ಶೀರ್ಷಿಕೆಗೆ ಒಪ್ಪುತ್ತದೆ. 11 ಪಾಯಿಂಟಿಗಿಂತ ಚಿಕ್ಕದು ಬೇಡ. ಒತ್ತಕ್ಷರ ಮೊದಲೇ ಸಣ್ಣದು, ಹಿರಿಯರ ಕಣ್ಣಿಗೆ ನಿಲುಕುವುದಿಲ್ಲ. ಸಾಲುಗಳ ನಡುವೆ ಅಕ್ಷರದ ಒಂದೂವರೆಯಷ್ಟು ಅಂತರ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಗುಲುತ್ತದೆ.

ಕಾಗುಣಿತವನ್ನು ಇನ್ನೊಬ್ಬರಿಂದ ಓದಿಸಿ. ‘ಶುಭಾಷಯ’ ಅಲ್ಲ, ‘ಶುಭಾಶಯ’. ‘ಹಾರ್ಧಿಕ’ ಅಲ್ಲ, ‘ಹಾರ್ದಿಕ’. ಮಾತು ಮನೆಯದಾಗಿದ್ದರೆ ಇನ್ನೂ ಚೆನ್ನ: ಮೈಸೂರು ಕಡೆಯವರಿಗೆ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’, ಧಾರವಾಡದ ಕಡೆಗೆ ‘ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದ್ಹಂಗ ಇರೋಣ’. ಮನೆಯಲ್ಲಿ ಹಿರಿಯರಿದ್ದರೆ ಈ ಸಾಲನ್ನು ಅವರ ಕೈಯಲ್ಲೇ ಬರೆಸಿ. ಗೆರೆಯಿಲ್ಲದ ಬಿಳಿ ಹಾಳೆ, ಕಪ್ಪು ಶಾಯಿ, 600ಕ್ಕೆ ಸ್ಕ್ಯಾನ್. ಕೈ ನಡುಗಿದ್ದರೆ ನಡುಗಿದ ಹಾಗೇ ಇರಲಿ, ಯಾವ ಫಾಂಟೂ ಅದಕ್ಕೆ ಸಾಟಿಯಲ್ಲ.

ಮಡಿಕೆ ಕಾರ್ಡು ಕತ್ತರಿಸಿ ಅಂಟಿಸುವುದು

ಎ4 ಹಾಳೆಯನ್ನು ಅರ್ಧ ಮಾಡಿ ಮಡಚಿ ಫೋಟೊ ಅಂಟಿಸಲು ಹೋಗಿ ಹಲವರು ಎಡವುತ್ತಾರೆ. ಹಾಗೆ ಮಡಚಿದ ಕಾರ್ಡಿನ ಮುಖ 105×148 ಮಿಲಿಮೀಟರ್, ಫೋಟೊ 102×152. ನಾಲ್ಕು ಮಿಲಿಮೀಟರ್ ಹೊರಗೆ ಚಾಚುತ್ತದೆ. ಅದಕ್ಕೇ 5×7ರ ಮುಖ.

ಸ್ಟೇಷನರಿ ಅಂಗಡಿಯಲ್ಲಿ 22×28 ಇಂಚಿನ ಐವರಿ ಶೀಟ್ ಕೇಳಿ, ದಪ್ಪ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ) 220 ಜಿಎಸ್‌ಎಂ. 22 ಇಂಚಿನ ಬದಿಯಲ್ಲಿ 10 ಇಂಚಿನ ಎರಡು, 28ರ ಬದಿಯಲ್ಲಿ 7 ಇಂಚಿನ ನಾಲ್ಕು ಗುರುತು ಹಾಕಿ. ಒಂದು ಶೀಟಿಗೆ ಎಂಟು ಕಾರ್ಡು, ಬದಿಗೆ 2 ಇಂಚಿನ ಪಟ್ಟಿ ಮಾತ್ರ ಉಳಿಯುತ್ತದೆ. ನಲವತ್ತು ಕಾರ್ಡಿಗೆ ಐದು ಶೀಟು. ಕೈತಪ್ಪಿಗೆಂದು ಇನ್ನೊಂದು ತನ್ನಿ. ಕತ್ತರಿಯಲ್ಲಿ ನೇರ ಬರುವುದಿಲ್ಲ, ಸ್ಟೀಲ್ ಸ್ಕೇಲು ಮತ್ತು ಕಟರ್ ಬ್ಲೇಡು ಬೇಕು.

ಗುರುತು ಹಾಕುವ ಮುಂಚೆ ಶೀಟನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ನಾರು ಆ ಬಾಗಿನ ಗೆರೆಯುದ್ದಕ್ಕೆ ಮಲಗಿದೆ. ಮಡಿಕೆ ಆ ಗೆರೆಯ ಉದ್ದಕ್ಕೇ ಬರಬೇಕು. ಅಡ್ಡಕ್ಕೆ ಮಡಚಿದರೆ ಅಂಚು ಹಪ್ಪಳದಂತೆ ಬಿರಿಯುತ್ತದೆ.

ಮಡಚುವ ಮುನ್ನ ಗೀಟು ಹಾಕಿ. ಹಳೆಯ ವಾರಪತ್ರಿಕೆಯ ಮೇಲೆ ಕಾರ್ಡಿಟ್ಟು, 5ನೇ ಇಂಚಿಗೆ ಸ್ಕೇಲ್ ಹಿಡಿದು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒಂದೇ ಒತ್ತಡದಲ್ಲಿ ಎಳೆಯಿರಿ. ಹಿಂಬದಿಯಲ್ಲಿ ಏಳುವ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಚಿ, ಚಮಚದ ಬೆನ್ನಿನಿಂದ ತೀಡಿ.

ಫೋಟೊ ಅಂಟಿಸಲು ಬಿಳಿ ಅಂಟು, ಗೋಂದು ಬಳಸಬೇಡಿ. ನೀರಿರುವ ಅಂಟು ಕಾರ್ಡನ್ನು ಹಿಗ್ಗಿಸುತ್ತದೆ, ಪ್ಲಾಸ್ಟಿಕ್ ಪದರದ ಫೋಟೊ ಹಿಗ್ಗುವುದಿಲ್ಲ. ಒಣಗುವಾಗ ಎಳೆದುಕೊಂಡು ಕಾರ್ಡು ದೊನ್ನೆಯಾಗುತ್ತದೆ. ಡಬಲ್ ಸೈಡ್ ಟೇಪ್ ತನ್ನಿ. ನಾಲ್ಕು ಅಂಚಿಗೂ ಸೇರಿ ಒಂದು ಫೋಟೊಗೆ ಅರ್ಧ ಮೀಟರ್, ನಲವತ್ತಕ್ಕೆ 20 ಮೀಟರ್. ಸುತ್ತ ಅರ್ಧ ಇಂಚು ಬಿಟ್ಟು ಪೆನ್ಸಿಲಿನಲ್ಲಿ ನಾಲ್ಕು ಚುಕ್ಕಿ ಇಟ್ಟುಕೊಂಡು, ಮೊದಲು ಮೇಲಿನ ಅಂಚು ಕೂರಿಸಿ, ಆಮೇಲೆ ಕೆಳಕ್ಕೆ ಸವರುತ್ತ ಬನ್ನಿ.

ಹಿಂಬದಿಯ ಹೆಸರುಗಳು

ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಅರ್ಧ ಕೆಲಸ. ಫೋಟೊದಲ್ಲಿರುವ ಪ್ರತಿಯೊಬ್ಬರ ಹೆಸರು, ತೆಗೆದ ವರ್ಷ, ಊರು ಬರೆಯಲೇಬೇಕು. ‘ನಿಂತವರು, ಎಡದಿಂದ’, ‘ಕುಳಿತವರು, ಎಡದಿಂದ’ ಎಂದು ಸಾಲುಸಾಲಾಗಿ ಬರಲಿ.

ಅಜ್ಜಿ, ದೊಡ್ಡಪ್ಪ, ಅತ್ತೆ ಎಂದು ಬರೆಯಬೇಡಿ. ನಿಮಗೆ ಅತ್ತೆಯಾದವರು ಕಾರ್ಡು ಪಡೆಯುವ ಇನ್ನೊಬ್ಬರಿಗೆ ಚಿಕ್ಕಮ್ಮ, ಮತ್ತೊಬ್ಬರಿಗೆ ನಾದಿನಿ. ಸಂಬಂಧ ಮನೆಮನೆಗೂ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬೇರೆಯಿದ್ದರೆ ಅದನ್ನೂ ಸೇರಿಸಿ, ಎಷ್ಟೋ ಜನರಿಗೆ ಗೊತ್ತಿರುವುದು ಅದೊಂದೇ. ಗುರುತು ಸಿಗದವರಿದ್ದರೆ ಆ ಜಾಗದಲ್ಲಿ ಚುಕ್ಕಿ ಸಾಲು ಬಿಟ್ಟು, ಗೊತ್ತಿದ್ದವರು ತಿಳಿಸಿ ಎಂದು ಬರೆಯಿರಿ. ವರ್ಷ ಗೊತ್ತಿಲ್ಲದಿದ್ದರೆ ಫೋಟೊದಲ್ಲಿರುವ ಮಗು ಯಾರೆಂದು ನೋಡಿ. ಮಗುವಿನ ವಯಸ್ಸಿನಿಂದ ವರ್ಷ ತೆಗೆಯಬಹುದು.

ಫೋಟೊ ಪೇಪರಿನ ಬೆನ್ನ ಮೇಲೆ ಪೆನ್ನಿನ ಶಾಯಿ ನಿಲ್ಲದೆ ಸವರಿಹೋಗುತ್ತದೆ. ಎಳ್ಳಿನ ಚೀಟಿಗಾದರೆ ಹೆಸರುಗಳನ್ನು 3.75×2.75 ಇಂಚಿನ ಚೌಕಗಳಲ್ಲಿ ಮುದ್ರಿಸಿ, ಕತ್ತರಿಸಿ, ಹಿಂಬದಿಗೆ ಟೇಪಿನಿಂದ ಅಂಟಿಸಿ. ಒಂದು ಎ4ಗೆ ಎಂಟು ಚೌಕ ಬರುತ್ತವೆ, ಒಂದೊಂದರಲ್ಲಿ 11 ಪಾಯಿಂಟಿನ ಹತ್ತು ಸಾಲು ಹಿಡಿಯುತ್ತವೆ. ಮಡಿಕೆ ಕಾರ್ಡಿಗೆ ಒಳಗಿನ ಎಡಪುಟದಲ್ಲಿ ಹೆಸರು, ಬಲಪುಟದಲ್ಲಿ ಕೈಯಿಂದ ಬರೆದ ಎರಡು ಮಾತು.

ಮೂಲ ಫೋಟೊದ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಲೇಬೇಡಿ, ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ.

ಪೊಟ್ಟಣಕ್ಕೆ ಮತ್ತು ಅಂಚೆಗೆ

ಎಳ್ಳು, ಕೊಬ್ಬರಿ, ಕಡಲೆಬೀಜ ಮೂರೂ ಎಣ್ಣೆ ಬಿಡುತ್ತವೆ. ಚೀಟಿಯನ್ನು ಪೊಟ್ಟಣದೊಳಗೆ ಹಾಕಿದರೆ ಮಾರನೆಯ ದಿನಕ್ಕೆ ಹಿಂದಿನ ಹೆಸರಿನ ಕಾಗದ ಎಣ್ಣೆ ಕುಡಿದು ಪಾರದರ್ಶಕವಾಗುತ್ತದೆ. ಎಳ್ಳನ್ನು ಕವರಿನಲ್ಲಿ ಕಟ್ಟಿ, ಚೀಟಿಯ ಎಡಮೂಲೆಗೆ ಅಂಚಿನಿಂದ 6 ಮಿಲಿಮೀಟರ್ ಒಳಗೆ ಪಂಚ್ ಮಾಡಿ, ಹತ್ತಿ ದಾರದಿಂದ ಹೊರಗೆ ಕಟ್ಟಿ. ಅಂಚಿಗೆ ತೀರಾ ಹತ್ತಿರ ತೂತು ಮಾಡಿದರೆ ದಾರ ಹರಿದುಕೊಂಡು ಬರುತ್ತದೆ. ತೂತು ಬೀಳುವ ಜಾಗದಲ್ಲಿ ಯಾರ ಮುಖವೂ ಇಲ್ಲವೆಂದು ಫೈಲ್ ಮಾಡುವಾಗಲೇ ನೋಡಿಕೊಳ್ಳಿ.

ಅಂಚೆಗೆ 5.25×7.25 ಇಂಚಿನ ಕವರ್ ಬೇಕು. ಒಂದು ಕಾರ್ಡು ಜೊತೆಗೊಯ್ದು ಅಂಗಡಿಯಲ್ಲೇ ತೂರಿಸಿ ನೋಡಿ. ಪತ್ರದ ದರ 20 ಗ್ರಾಂ ದಾಟಿದರೆ ಏರುತ್ತದೆ. 220 ಜಿಎಸ್‌ಎಂ ಕಾರ್ಡು ಸುಮಾರು 10 ಗ್ರಾಂ, ಫೋಟೊ 4, ಕವರು 5-6, ಅಂದರೆ ಗೆರೆಯ ಅಂಚಿನಲ್ಲಿದೆ. 250 ಜಿಎಸ್‌ಎಂ ತಂದರೆ ಮೇಲೆ ಹೋಗಬಹುದು. ಅಂಚೆ ಕಚೇರಿಯಲ್ಲಿ ಒಂದನ್ನು ತೂಗಿಸಿದ ಮೇಲೆಯೇ ಸ್ಟಾಂಪು ಹಚ್ಚಿ. ಕಡಿಮೆ ಹಚ್ಚಿದರೆ ಹಬ್ಬದ ದಿನ ಕಾರ್ಡು ತೆಗೆದುಕೊಳ್ಳುವವರೇ ದಂಡ ತೆರಬೇಕಾಗುತ್ತದೆ. ಹೊರದೇಶದ ಕವರಿನಲ್ಲಿ ಚಿಟಿಕೆ ಎಳ್ಳು ಹಾಕುವ ಆಸೆಯನ್ನು ಬಿಡಿ, ಬೀಜವೆಂದು ಕಸ್ಟಮ್ಸ್‌ನಲ್ಲಿ ಕಾರ್ಡೂ ಸೇರಿ ನಿಂತುಹೋಗಬಹುದು.

ಎಲ್ಲ ಹಂಚಿದ ಮೇಲೆ ಚುಕ್ಕಿ ಸಾಲು ಬಿಟ್ಟಿದ್ದ ಹೆಸರುಗಳು ಫೋನಿನಲ್ಲಿ ಬರತೊಡಗುತ್ತವೆ. ಅವನ್ನು ಫೈಲಿನಲ್ಲಿ ತುಂಬಿ, ತಿದ್ದದ ಮೂಲ ಸ್ಕ್ಯಾನ್, ತಿದ್ದಿದ ಪ್ರತಿ, ಹೆಸರಿನ ಪಟ್ಟಿ ಮೂರನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಇನ್ನೂ ಇಬ್ಬರ ಮನೆಯ ಕಂಪ್ಯೂಟರಿಗೆ ಹಾಕಿಸಿ. ಮೂಲ ಫೋಟೊವನ್ನು ಕಾಗದದ ಕವರಿನಲ್ಲಿ ಸುತ್ತಿ, ಯಾರ ಮನೆಯಿಂದ ತಂದಿದ್ದಿರೋ ಅವರ ಕೈಗೇ ಒಪ್ಪಿಸಿ ಬನ್ನಿ.